ಒಂದೇ ಸೋಮವಾರಕ್ಕೆ ಎರಡು ಹೆಸರು

ಹೋದ ಸಲ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಮೂರು ದಿನ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಉಳಿದಿದ್ದೆ. ತಂಗಿಯ ಮಗ ಅಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ, ಊರಿಗೆ ಒಂದಿಷ್ಟು ಪುಸ್ತಕ ಪಾರ್ಸೆಲ್ ಮಾಡೋಣವೆಂದು ಇಬ್ಬರೂ ಆಲ್‌ಸ್ಟನ್ ವೇ ರಸ್ತೆಯ ದೊಡ್ಡ ಅಂಚೆ ಕಚೇರಿಗೆ ನಡೆದೆವು. ಸಾಲು ಕಮಾನುಗಳ ಹಳೆಯ ಕಟ್ಟಡ. ಬಾಗಿಲು ಹಾಕಿತ್ತು. ಕೊಲಂಬಸ್ ದಿನದ ಪ್ರಯುಕ್ತ ರಜೆ ಎಂದು ಗಾಜಿನ ಮೇಲೆ ಚೀಟಿ ಅಂಟಿಸಿದ್ದರು. ಸರಿ, ಹತ್ತಿರದಲ್ಲೇ ಇರುವ ನಗರದ ಗ್ರಂಥಾಲಯದಲ್ಲಿ ಸ್ವಲ್ಪ ಹೊತ್ತು ಕೂತು ಓದೋಣ ಎಂದುಕೊಂಡು ಹೋದರೆ ಅಲ್ಲೂ ಬೀಗ. ಅಲ್ಲೂ ಒಂದು ಚೀಟಿ. ಅದರಲ್ಲಿ ಮಾತ್ರ ಮೂಲನಿವಾಸಿ ಜನಾಂಗಗಳ ದಿನದ ಪ್ರಯುಕ್ತ ರಜೆ ಎಂದಿತ್ತು. ಎರಡು ಬಾಗಿಲುಗಳ ನಡುವೆ ಐದಾರು ನಿಮಿಷದ ದಾರಿ. ಒಂದೇ ಊರು, ಒಂದೇ ಸೋಮವಾರ, ಎರಡು ಹೆಸರು. ಇಷ್ಟರ ನಡುವೆ ತಂಗಿಯ ಮಗ ಗಡಿಯಾರ ನೋಡಿಕೊಂಡು, "ದೊಡ್ಡಮ್ಮ, ನನಗೆ ಹನ್ನೊಂದಕ್ಕೆ ಕ್ಲಾಸಿದೆ, ಯೂನಿವರ್ಸಿಟಿಗೆ ಇವತ್ತು ರಜೆ ಇಲ್ಲ" ಎಂದ.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಒಂದೇ ಬಗೆಯ ಪ್ರಶ್ನೆಗಳು ಕಾಣಿಸುತ್ತವೆ. ಬರೆಯುವವರು ಹೆಚ್ಚಾಗಿ ಮಕ್ಕಳು, ಮೊಮ್ಮಕ್ಕಳು ಅಮೆರಿಕದಲ್ಲಿರುವ ಹಿರಿಯರು. ಕೊಲಂಬಸ್ ದಿನವನ್ನು ತೆಗೆದುಹಾಕಿದರಂತೆ, ಹೌದೆ? ಒಂದು ಊರು ತನ್ನಿಷ್ಟಕ್ಕೆ ರಜೆಯ ಹೆಸರು ಬದಲಿಸಬಹುದೆ? ಬದಲಿಸಿದರೆ ಮೂಲನಿವಾಸಿ ಜನಕ್ಕೆ ಬಂದದ್ದಾದರೂ ಏನು? ಮೊದಲ ಎರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೇ ನಾನು ಇವತ್ತು ಕೂತದ್ದು.

ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಅಮೆರಿಕದ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಕೊಲಂಬಸ್ ದಿನ ಇವತ್ತಿಗೂ ಇದೆ. ಅಂಚೆ ಕಚೇರಿ, ಕೇಂದ್ರದ ಇತರ ಕಚೇರಿಗಳು ಆ ಪಟ್ಟಿಯ ಪ್ರಕಾರ ನಡೆಯುತ್ತವೆ. ನಗರಸಭೆಯ ಅಧಿಕಾರ ನಗರದ ಕಚೇರಿ, ನಗರದ ಗ್ರಂಥಾಲಯ, ನಗರದ ನೌಕರರ ಮಟ್ಟಿಗೆ. ಶಾಲೆಗಳದು ಶಾಲಾ ಮಂಡಳಿಯ ತೀರ್ಮಾನ, ವಿಶ್ವವಿದ್ಯಾಲಯದ್ದು ಅದರದೇ ಲೆಕ್ಕ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ನಮ್ಮಲ್ಲಿ ಕೊಡಗು ಜಿಲ್ಲೆಗೆ ಮಾತ್ರ ರಜೆ ಇರುತ್ತದಲ್ಲ, ಅಲ್ಲಿ ಇನ್ನೂ ಒಂದು ಹೆಜ್ಜೆ ಕೆಳಗಿಳಿದು ಊರು ಊರೇ ತನ್ನ ಪಟ್ಟಿ ಮಾಡಿಕೊಳ್ಳಬಹುದು. ಹಾಗೆ ಕೊಲಂಬಸ್ ದಿನವನ್ನು ಮೂಲನಿವಾಸಿ ಜನಾಂಗಗಳ ದಿನವಾಗಿ ಬದಲಿಸಿಕೊಂಡ ಮೊದಲ ಊರು ಬರ್ಕ್ಲಿ, 1992ರಲ್ಲಿ.

ಕೊಲಂಬಸನ ಕತೆ ನಮಗೆಲ್ಲ ಗೊತ್ತು ಎಂದುಕೊಂಡಿರುತ್ತೇವೆ. ಕೊಲಂಬಸ್ ಅಮೆರಿಕವನ್ನು ಕಂಡುಹಿಡಿದ ಎಂದು ಐದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಒಂದು ಅಂಕ ಗಿಟ್ಟಿಸಿದವರು ನಾವು. 1492ರ ಅಕ್ಟೋಬರ್ 12ರಂದು ಅವನು ಇಳಿದದ್ದು ಬಹಾಮಾಸ್ ದ್ವೀಪಗಳಲ್ಲೊಂದರಲ್ಲಿ. ಈಗಿನ ಅಮೆರಿಕ ಸಂಯುಕ್ತ ಸಂಸ್ಥಾನದ ಮುಖ್ಯ ಭೂಭಾಗದ ಮೇಲೆ ಅವನು ಯಾವತ್ತೂ ಕಾಲಿಡಲಿಲ್ಲ. ದಡದಲ್ಲಿ ಅವನನ್ನು ಎದುರುಗೊಂಡವರು ಟೈನೋ ಜನ. ತಾನು ತಲುಪಿದ್ದು ಇಂಡೀಸ್ ಎಂದು ನಂಬಿ ಅವರನ್ನು ಇಂಡಿಯನ್ನರು ಎಂದು ಕರೆದ. ಹೀಗೆ ನಮ್ಮ ಹೆಸರು ಒಂದು ಇಡೀ ಖಂಡದ ಜನರ ಹಣೆಗೆ ಅಂಟಿತು. ನಮ್ಮ ಪಠ್ಯಪುಸ್ತಕಗಳು ಅದಕ್ಕೆ ಒಂದು ಬಣ್ಣವನ್ನೂ ಸೇರಿಸಿ ರೆಡ್ ಇಂಡಿಯನ್ ಎಂದು ಕಲಿಸಿದವು. ಆ ಮಾತನ್ನು ಈಗ ಬಿಟ್ಟುಬಿಡಬೇಕು. ಅದು ಅವರಿಗೆ ಬೈಗುಳ. ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದವರಿದ್ದಾರೆ. ಗಿರಿಜನ ಎಂಬುದು ಸರಿಹೋಗದು, ಅವರಲ್ಲಿ ಬಹುಪಾಲು ಜನ ಪೇಟೆಗಳಲ್ಲಿದ್ದಾರೆ. ನಾನು ಮೂಲನಿವಾಸಿ ಎನ್ನುತ್ತೇನೆ, ಆ ದಿನದ ಮಾತು ಬಂದಾಗ ಜನಾಂಗಗಳು ಎಂದು ಬಹುವಚನದಲ್ಲಿ ಬರೆಯುತ್ತೇನೆ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಜನಾಂಗಗಳೇ 570ಕ್ಕೂ ಹೆಚ್ಚಿವೆ. ಒಂದೊಂದಕ್ಕೂ ತನ್ನದೇ ಪಂಚಾಯ್ತಿ.

ಕೊಲಂಬಸ್ ದಿನ ಹೇಗೆ ಬಂತು ಎಂಬುದನ್ನೂ ತಿಳಿಯಬೇಕು, ಇಲ್ಲದಿದ್ದರೆ ಇನ್ನೊಂದು ಕಡೆಯವರಿಗೆ ಅನ್ಯಾಯವಾಗುತ್ತದೆ. 1891ರ ಮಾರ್ಚ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಉದ್ರಿಕ್ತ ಗುಂಪೊಂದು ಜೈಲಿಗೆ ನುಗ್ಗಿ 11 ಮಂದಿ ಇಟಾಲಿಯನ್ನರನ್ನು ಕೊಂದುಹಾಕಿತು. ಇಟಲಿಯಿಂದ ಕೂಲಿಗೆಂದು ಬಂದವರನ್ನು ಆಗಿನ ಬಿಳಿಯರು ತಮ್ಮವರೆಂದು ಎಣಿಸುತ್ತಿರಲಿಲ್ಲ. ಮರುವರ್ಷ, ಕೊಲಂಬಸ್ ಬಂದು 400 ವರ್ಷವಾದ ನೆಪದಲ್ಲಿ, ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ದೇಶವೆಲ್ಲ ಆ ದಿನವನ್ನು ಆಚರಿಸಲಿ ಎಂದು ಘೋಷಿಸಿದ. ಜಿನೋವಾದಲ್ಲಿ ಹುಟ್ಟಿದ ಕೊಲಂಬಸ್ ಇಟಾಲಿಯನ್ನರಿಗೆ ತಾವೂ ಈ ದೇಶದವರೇ ಎಂದು ತೋರಿಸಿಕೊಳ್ಳುವ ಗುರಾಣಿಯಾದ. 1907ರಲ್ಲಿ ಕೊಲೊರಾಡೊ ರಾಜ್ಯ ರಜೆ ಕೊಟ್ಟಿತು. 1968ರ ಕಾನೂನಿನಿಂದಾಗಿ 1971ರಿಂದ ಅದು ಅಕ್ಟೋಬರ್‌ನ ಎರಡನೇ ಸೋಮವಾರದ ರಾಷ್ಟ್ರೀಯ ರಜೆಯಾಯಿತು. ಆ ಮೆರವಣಿಗೆಗಳಲ್ಲಿ ಅಜ್ಜನ ಕೈಹಿಡಿದು ನಡೆದ ಇಟಾಲಿಯನ್ ಮನೆತನಗಳಿಗೆ ಆ ಹೆಸರು ಹೋಗುವುದು ನೋವಿನ ಸಂಗತಿ. ಅದನ್ನು ಹಗುರವಾಗಿ ಕಾಣಬಾರದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ಮೆರವಣಿಗೆ ಈಗ ಇಟಾಲಿಯನ್ ಪರಂಪರೆಯ ಹೆಸರಿನಲ್ಲಿ ನಡೆಯುತ್ತದೆ. ಆ ದಾರಿ ನನಗೆ ಒಪ್ಪಿಗೆ. ತಮ್ಮ ಹಿರಿಯರನ್ನು ನೆನೆಯಲು ಅವರಿಗೆ ಟೈನೋ ಜನರನ್ನು ಗುಲಾಮರನ್ನಾಗಿ ಹಡಗಿಗೆ ತುಂಬಿದವನೇ ಬೇಕೆಂದಿಲ್ಲ.

ಹೆಸರು ಬದಲಿಸುವ ಆಲೋಚನೆ ಬರ್ಕ್ಲಿಯಲ್ಲಿ ಹುಟ್ಟಿದ್ದಲ್ಲ. 1977ರಲ್ಲಿ ಜಿನೀವಾದಲ್ಲಿ ಅಮೆರಿಕ ಖಂಡಗಳ ಮೂಲನಿವಾಸಿಗಳ ಪ್ರತಿನಿಧಿಗಳು ಸೇರಿದ ಸಮ್ಮೇಳನ, ಅಕ್ಟೋಬರ್ 12 ತಮ್ಮ ಜೊತೆ ನಿಲ್ಲುವ ದಿನವಾಗಲಿ ಎಂದು ಕೇಳಿತು. 1990ರಲ್ಲಿ ಎಕ್ವಡಾರ್‌ನ ಕೀಟೊ ನಗರದಲ್ಲಿ ದೊಡ್ಡ ಸಮಾವೇಶವಾಯಿತು. ಕೊಲಂಬಸ್ ಬಂದ 500ನೇ ವರ್ಷ ಎದುರಿಗಿತ್ತು. ಸರ್ಕಾರಗಳು ಹಬ್ಬಕ್ಕೆ ಸಜ್ಜಾಗುತ್ತಿದ್ದವು. ನಾವು 500 ವರ್ಷದ ಪ್ರತಿರೋಧವನ್ನು ನೆನೆಯುತ್ತೇವೆ ಎಂದರು ಅಲ್ಲಿ ಸೇರಿದವರು. ಅದೇ ವರ್ಷ ಸೌತ್ ಡಕೋಟ ರಾಜ್ಯ ಕೊಲಂಬಸ್ ದಿನದ ಹೆಸರನ್ನೇ ಬದಲಿಸಿ ಮೂಲ ಅಮೆರಿಕನ್ನರ ದಿನ ಎಂದಿಟ್ಟಿತು. ಅದಕ್ಕೆ ಒತ್ತಾಯಿಸಿದವರು ಟಿಮ್ ಜಿಯಾಗೊ, ಲಕೋಟ ಜನಾಂಗದ ಪತ್ರಕರ್ತ. ಒಂದು ಸಣ್ಣ ಪತ್ರಿಕೆಯ ಸಂಪಾದಕೀಯ ಒಂದು ರಾಜ್ಯದ ಕ್ಯಾಲೆಂಡರನ್ನು ತಿದ್ದಿತು ಎಂಬುದು ಪತ್ರಿಕೆಗೆ ಬರೆಯುವ ನನ್ನಂಥವಳಿಗೆ ದೊಡ್ಡ ಬಲ ಕೊಡುವ ಸಂಗತಿ.

ಕೀಟೊಗೆ ಹೋಗಿಬಂದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರುಗಳವರೂ ಇದ್ದರು. ಕೊಲಂಬಸನ ಮೂರು ಹಡಗುಗಳ ಪ್ರತಿಕೃತಿಗಳನ್ನು ಆ ಕೊಲ್ಲಿಗೆ ತಂದು ಸಂಭ್ರಮಿಸುವ ಯೋಜನೆಯ ಸುದ್ದಿ ಕಿವಿಗೆ ಬಿದ್ದದ್ದೇ ಅವರು ಬರ್ಕ್ಲಿ ನಗರಸಭೆಯ ಬಾಗಿಲು ತಟ್ಟಿದರು. ಆಗ ಮೇಯರ್ ಆಗಿದ್ದವರು ಲೋನಿ ಹ್ಯಾನ್‌ಕಾಕ್. 1991ರ ಅಕ್ಟೋಬರ್‌ನಲ್ಲಿ ನಗರಸಭೆ ನಿರ್ಣಯ ಮಾಡಿತು. 1992ರ ಅಕ್ಟೋಬರ್ 12 ಸೋಮವಾರವೇ ಬಿದ್ದಿತ್ತು. ಆ ಸೋಮವಾರದಿಂದ ಬರ್ಕ್ಲಿಯ ಪಟ್ಟಿಯಲ್ಲಿ ಕೊಲಂಬಸ್ ಇಲ್ಲ. ಆಮೇಲಿನ ಎರಡು ದಶಕ ಬೆರಳೆಣಿಕೆಯ ಊರುಗಳಷ್ಟೇ ಹಿಂಬಾಲಿಸಿದವು. 2014ರಲ್ಲಿ ಮಿನಿಯಾಪೊಲಿಸ್, ಸಿಯಾಟಲ್, 2017ರಲ್ಲಿ ಲಾಸ್ ಏಂಜಲೀಸ್ ಸೇರಿಕೊಂಡ ಮೇಲೆ ಸಾಲು ಬೆಳೆಯಿತು. 2021ರಲ್ಲಿ ಆಗಿನ ಅಧ್ಯಕ್ಷ ಜೋ ಬೈಡನ್ ಮೂಲನಿವಾಸಿ ಜನಾಂಗಗಳ ದಿನದ ಘೋಷಣೆ ಹೊರಡಿಸಿದರು, ಹಾಗೆ ಮಾಡಿದ ಮೊದಲ ಅಧ್ಯಕ್ಷ ಅವರು. ರಾಷ್ಟ್ರೀಯ ರಜೆಯ ಹೆಸರು ಮಾತ್ರ ಬದಲಾಗಿಲ್ಲ.

ಸೋಮವಾರಕ್ಕೆ ಮೊದಲಿನ ಶನಿವಾರವೇ ನಾನು ಮಗಳಿರುವ ಫ್ರೀಮಾಂಟ್‌ನಿಂದ ರೈಲು ಹತ್ತಿ ಬರ್ಕ್ಲಿಗೆ ಬಂದಿದ್ದೆ. ಆ ದಿನದ ಆಚರಣೆ ನಡೆಯುವುದು ಶನಿವಾರ, ನಗರಸಭೆಯ ಹಳೆಯ ಕಟ್ಟಡದ ಎದುರು, ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಪಾರ್ಕಿನಲ್ಲಿ. ಪೌವೌ ಎನ್ನುತ್ತಾರೆ. ಹುಲ್ಲಿನ ಮೇಲೆ ಒಂದು ದೊಡ್ಡ ವೃತ್ತ, ಅದರ ಅಂಚಿನಲ್ಲಿ ನೆರಳಿಗೆ ಡೇರೆ, ಡೇರೆಯೊಳಗೆ ಒಂದೇ ಡೋಲಿನ ಸುತ್ತ ಏಳೆಂಟು ಜನ ಕೂತು ಒಟ್ಟಿಗೆ ಬಾರಿಸುತ್ತಾರೆ, ಒಟ್ಟಿಗೆ ಹಾಡುತ್ತಾರೆ. ಮೊದಲು ಹದ್ದಿನ ಗರಿಗಳ ದಂಡ ಹಿಡಿದವರು, ಸೈನ್ಯದಲ್ಲಿ ಕೆಲಸ ಮಾಡಿ ಬಂದ ಹಿರಿಯರು ವೃತ್ತಕ್ಕೆ ಇಳಿದರು. ಎಲ್ಲರೂ ಎದ್ದು ನಿಂತರು. ಆಮೇಲೆ ಹೆಂಗಸರ ಕುಣಿತ. ಅದರಲ್ಲಿ ಒಂದು ಉಡುಪು ನನ್ನ ಕಣ್ಣಲ್ಲೇ ಉಳಿದಿದೆ. ಲಂಗದ ತುಂಬ ಸಾಲುಸಾಲಾಗಿ ತಗಡಿನ ಪುಟ್ಟ ಕೊಳವೆಗಳು, ನೂರಾರು. ಹೊಗೆಸೊಪ್ಪಿನ ಡಬ್ಬಿಗಳ ಮುಚ್ಚಳವನ್ನು ಸುರುಳಿ ಸುತ್ತಿ ಅವನ್ನು ಮಾಡುತ್ತಿದ್ದರಂತೆ. ಹೆಜ್ಜೆ ಇಟ್ಟಾಗಲೆಲ್ಲ ಹೆಂಚಿನ ಮೇಲೆ ಮಳೆ ಹನಿ ಬಿದ್ದ ಹಾಗೆ ಸದ್ದು. 1918ರ ಮಹಾಜ್ವರದ ಕಾಲದಲ್ಲಿ ಒಜಿಬ್ವೆ ಜನರಲ್ಲಿ ಹುಟ್ಟಿದ ಕುಣಿತ ಅದು, ಕಾಯಿಲೆ ಬಿದ್ದ ಒಂದು ಮಗು ಏಳಲಿ ಎಂದು ಕುಣಿದದ್ದು ಎಂದು ಆ ಜನ ಹೇಳುತ್ತಾರೆ. ನನ್ನ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕಣ್ಣು ಮುಚ್ಚಿಕೊಂಡು ಆ ಸದ್ದನ್ನೇ ಕೇಳುತ್ತಿದ್ದರು.

ಒಜಿಬ್ವೆ ಜನರ ನೆಲ ಅಲ್ಲಿಂದ ಸಾವಿರಾರು ಮೈಲಿ ದೂರ, ಕೆನಡಾದ ಗಡಿಯ ಸರೋವರಗಳ ಸೀಮೆ. ಅವರ ಕುಣಿತ ಕ್ಯಾಲಿಫೋರ್ನಿಯಾದ ಕರಾವಳಿಗೆ ಬಂದದ್ದು ಹೇಗೆ? 1950ರ ದಶಕದಲ್ಲಿ ಕೇಂದ್ರ ಸರ್ಕಾರ ಮೂಲನಿವಾಸಿಗಳನ್ನು ಅವರ ಮೀಸಲು ನೆಲಗಳಿಂದ ಎಬ್ಬಿಸಿ, ಕೆಲಸದ ಆಸೆ ತೋರಿಸಿ, ಪಟ್ಟಣಗಳಿಗೆ ಕಳಿಸಿತು. ಬಸ್ಸು, ರೈಲಿನ ಟಿಕೆಟ್ಟು ಕೈಗಿಟ್ಟು ಕಳಿಸಿದ ಊರುಗಳಲ್ಲಿ ಓಕ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೋ ಸೇರಿದ್ದವು. ಊರು ಬಿಟ್ಟು ಬಂದ ಹತ್ತಾರು ಜನಾಂಗಗಳ ಮಕ್ಕಳು ಅಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡರು. 1969ರಲ್ಲಿ ಆಲ್ಕಟ್ರಾಜ್ ದ್ವೀಪದ ಪಾಳು ಜೈಲನ್ನು ವಶಪಡಿಸಿಕೊಂಡು 19 ತಿಂಗಳು ಅಲ್ಲೇ ನಿಂತವರಲ್ಲಿ ಈ ಪೀಳಿಗೆಯವರೇ ಹೆಚ್ಚು. ಬರ್ಕ್ಲಿಯ ಪಾರ್ಕಿನಲ್ಲಿ ಇಷ್ಟೊಂದು ಜನಾಂಗಗಳ ಕುಣಿತ ಕಾಣುವುದು ಅದಕ್ಕೆ. ಅವರೆಲ್ಲ ಅಲ್ಲಿಗೆ ನೆಂಟರು. ಮನೆಯವರು ಯಾರು ಎಂಬುದು ಬೇರೆ ಪ್ರಶ್ನೆ.

ಮನೆಯವರು ಒಲೋನಿ ಜನ. ಬರ್ಕ್ಲಿಯ ನೆಲಕ್ಕೆ ಅವರ ಭಾಷೆಯಲ್ಲಿ ಹುಚಿಯುನ್ ಎಂದು ಹೆಸರು. ಈಗಿನ ಹೆಸರಿನದು ಬೇರೆಯೇ ಕತೆ: ಸಾಮ್ರಾಜ್ಯದ ದಾರಿ ಪಶ್ಚಿಮಕ್ಕೆ ಸಾಗುತ್ತದೆ ಎಂದು ಪದ್ಯ ಕಟ್ಟಿದ ಐರಿಷ್ ಬಿಷಪ್ ಜಾರ್ಜ್ ಬರ್ಕ್ಲಿಯ ಹೆಸರನ್ನು 1866ರಲ್ಲಿ ಇಟ್ಟರು. ಒಲೋನಿ ಜನರ ಪಾಲಿಗೆ ಆ ದಾರಿ ಮೊದಲು ಬಂದದ್ದು ಸ್ಪೇನ್‌ನ ಪಾದ್ರಿಗಳ ರೂಪದಲ್ಲಿ. ನನ್ನ ಮಗಳು ಇರುವ ಫ್ರೀಮಾಂಟ್‌ನಲ್ಲೇ 1797ರಲ್ಲಿ ಮಿಷನ್ ಸ್ಯಾನ್ ಹೋಸೆ ಕಟ್ಟಿದರು. ದೀಕ್ಷೆ ಪಡೆದವರು ಹೊರಗೆ ಹೋಗುವಂತಿರಲಿಲ್ಲ, ಓಡಿಹೋದವರನ್ನು ಹಿಡಿದು ತಂದು ಚಾಟಿಯಿಂದ ಹೊಡೆಯುತ್ತಿದ್ದರು, ದಡಾರದಂಥ ಕಾಯಿಲೆಗಳು ಕಿಕ್ಕಿರಿದ ಕೊಟ್ಟಡಿಗಳಲ್ಲಿ ಹಬ್ಬಿದವು. 1848ರಲ್ಲಿ ಚಿನ್ನ ಸಿಕ್ಕ ಮೇಲೆ ಬಂದವರು ಇನ್ನೂ ಘೋರ. ಕ್ಯಾಲಿಫೋರ್ನಿಯಾದ ಮೊದಲ ಗವರ್ನರ್ ಪೀಟರ್ ಬರ್ನೆಟ್ 1851ರಲ್ಲಿ ಶಾಸನಸಭೆಯ ಮುಂದೆಯೇ, ಈ ಜನ ನಿರ್ನಾಮವಾಗುವವರೆಗೆ ಯುದ್ಧ ನಿಲ್ಲದು ಎಂಬರ್ಥದ ಮಾತಾಡಿದ. 1848ರಲ್ಲಿ ಸುಮಾರು 1,50,000 ಇದ್ದ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು 1870ರ ಹೊತ್ತಿಗೆ ಸುಮಾರು 30,000ಕ್ಕೆ ಇಳಿದರು ಎಂದು ಇತಿಹಾಸಕಾರರ ಅಂದಾಜು. 18 ಒಪ್ಪಂದಗಳನ್ನು ಬರೆಸಿಕೊಂಡು ನೆಲ ಕೊಡುತ್ತೇವೆಂದು ಮಾತು ಕೊಟ್ಟಿದ್ದರು. ವಾಷಿಂಗ್ಟನ್ನಿನ ಸೆನೆಟ್ ಅವನ್ನು ಒಪ್ಪದೆ ಗುಟ್ಟಾಗಿ ಕಟ್ಟಿಟ್ಟಿತು. ಆ ಕಾಗದಗಳು ಹೊರಬಂದದ್ದು 1905ರಲ್ಲಿ. ಇದನ್ನೆಲ್ಲ ನರಮೇಧ ಎಂದು ಹೆಸರಿಟ್ಟು ಕರೆದು ಗವರ್ನರ್ ಗ್ಯಾವಿನ್ ನ್ಯೂಸಮ್ ಕ್ಷಮೆ ಕೇಳಿದ್ದು 2019ರಲ್ಲಿ.

ಇಷ್ಟಾದ ಮೇಲೂ ಉಳಿದವರಿಗೆ ಕಾದಿದ್ದ ಪೆಟ್ಟು ಕಾಗದದ ಮೇಲಿನದು. ಬರ್ಕ್ಲಿ ವಿಶ್ವವಿದ್ಯಾಲಯದ ಹೆಸರಾಂತ ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರ್ 1925ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಈ ಜನಾಂಗ ಅಳಿದುಹೋಯಿತು ಎಂದೇ ಬರೆದರು. ಅದೇ ಹೊತ್ತಿನಲ್ಲಿ, ಅಲ್ಲಿಂದ ಹೆಚ್ಚೇನೂ ದೂರವಲ್ಲದ ಪ್ಲೆಸೆಂಟನ್ ಹತ್ತಿರದ ಕೇರಿಯಲ್ಲಿ ಹೋಸೆ ಗುಜ್ಮನ್ ಎಂಬ ಒಲೋನಿ ಹಿರಿಯ ತಮ್ಮ ಚೊಚೆನ್ಯೊ ಭಾಷೆಯನ್ನು ಭಾಷಾವಿಜ್ಞಾನಿ ಹ್ಯಾರಿಂಗ್ಟನ್‌ಗೆ ಹೇಳಿಕೊಡುತ್ತಿದ್ದರು, ಹಾಡುತ್ತಿದ್ದರು. ಹ್ಯಾರಿಂಗ್ಟನ್ ಬರೆದುಕೊಂಡ ಟಿಪ್ಪಣಿಗಳಿಂದಲೇ ಒಲೋನಿ ಯುವಕರು ಈಗ ಭಾಷೆಯನ್ನು ಮತ್ತೆ ಕಲಿತಿದ್ದಾರೆ. ಹೊರ್ಷೆ ಟೂಹಿ ಎಂದರೆ ಒಳ್ಳೆಯ ದಿನ, ನಮ್ಮ ನಮಸ್ಕಾರದ ಹಾಗೆ. ಬದುಕಿರುವವರನ್ನು ಅಳಿದವರ ಪಟ್ಟಿಗೆ ಸೇರಿಸಿದ್ದರಿಂದ ಆದ ನಷ್ಟ ಬರೀ ಮಾನದ್ದಲ್ಲ. ಮುವೆಕ್ಮ ಒಲೋನಿ ಜನಾಂಗ ಕೇಂದ್ರ ಸರ್ಕಾರದ ಮಾನ್ಯತೆಗಾಗಿ ದಶಕಗಳಿಂದ ಕೋರ್ಟು, ಕಚೇರಿ ಅಲೆಯುತ್ತಿದೆ, ಇನ್ನೂ ಸಿಕ್ಕಿಲ್ಲ. ಮಾನ್ಯತೆ ಇಲ್ಲದವರಿಗೆ ಮೀಸಲು ನೆಲವೂ ಇಲ್ಲ.

ಶನಿವಾರ ಪಾರ್ಕಿನ ಒಂದು ಮೂಲೆಯಲ್ಲಿ ಒಬ್ಬಾಕೆ ಓಕ್ ಮರದ ಕಾಯಿಯಿಂದ ಅಂಬಲಿ ಮಾಡುವುದನ್ನು ಮಕ್ಕಳಿಗೆ ವಿವರಿಸುತ್ತಿದ್ದರು. ಕಾಯಿ ಒಣಗಿಸಿ, ಒಡೆದು, ಒರಳಲ್ಲಿ ಕುಟ್ಟಿ ಹಿಟ್ಟು ಮಾಡಬೇಕು. ಹಿಟ್ಟಿನ ಮೇಲೆ ನೀರು ಹನಿಸುತ್ತಾ, ಬಸಿಯುತ್ತಾ, ಮತ್ತೆ ಹನಿಸುತ್ತಾ ಕೂರಬೇಕು, ಕಹಿ ಹೋಗುವವರೆಗೆ. ಬಾಳೆಹೂವಿನ ಒಗರು ಹೋಗಲೆಂದು ನಮ್ಮಮ್ಮ ಅದನ್ನು ಹೆಚ್ಚಿ ಮಜ್ಜಿಗೆ ನೀರಿನಲ್ಲಿ ಹಾಕಿಡುತ್ತಿದ್ದುದು ನೆನಪಾಯಿತು. ಅದೂ ಒಗರೇ, ಇದೂ ಒಗರೇ. ಆಕೆ ಬೆರಳ ತುದಿಯಲ್ಲಿ ಚಿಟಿಕೆ ಹಿಟ್ಟು ತೆಗೆದು ನಾಲಿಗೆಗೆ ಹಚ್ಚಿ ನೋಡಿ, ಇನ್ನೊಂದು ನೀರು ಬೇಕು ಎಂದರು. ಎಷ್ಟು ನೀರು ಸಾಕು ಎಂಬುದನ್ನು ನಾಲಿಗೆಯೇ ಹೇಳಬೇಕಂತೆ.

ಈಗ ಆ ಮೂರನೇ ಪ್ರಶ್ನೆ. ರಜೆಯಿಂದ ಈ ಜನಕ್ಕೆ ಬಂದದ್ದೇನು?

ಸೋಮವಾರ ಮಧ್ಯಾಹ್ನ ಕ್ಲಾಸು ಮುಗಿಸಿ ಬಂದ ತಂಗಿಯ ಮಗ ನನ್ನನ್ನು ಊರಿನ ಪಶ್ಚಿಮಕ್ಕೆ, ಫೋರ್ತ್ ಸ್ಟ್ರೀಟಿಗೆ ಕರೆದುಕೊಂಡು ಹೋದ. ಅಲ್ಲಿ ನೋಡಲು ಏನೂ ಇಲ್ಲ ಎಂದರೂ ನಡೆದೀತು. ಬೇಲಿ, ಬಿರುಕು ಬಿಟ್ಟ ಡಾಂಬರು. ಒಂದು ಮೀನಿನ ಹೋಟೆಲಿನವರ ಪಾರ್ಕಿಂಗ್ ಜಾಗವಾಗಿತ್ತು ಅದು, 2.2 ಎಕರೆ. ಪಕ್ಕದಲ್ಲೇ ರೈಲು ಹಾದುಹೋಗುತ್ತದೆ. ಈ ಸೀಮೆಯಲ್ಲೇ ಒಲೋನಿ ಜನರ ಚಿಪ್ಪಿನ ದಿಬ್ಬ ಇತ್ತು. ಕೊಲ್ಲಿಯ ಸುತ್ತಲಿನ ಜನ ಮರುವಾಯಿ, ಸಿಂಪಿ ತಿಂದು ಚಿಪ್ಪು ಒಟ್ಟುತ್ತಿದ್ದರು, ಆ ಚಿಪ್ಪು, ಬೂದಿ, ಮಣ್ಣಿನ ನಡುವೆಯೇ ತಮ್ಮ ಸತ್ತವರನ್ನು ಹೂಳುತ್ತಿದ್ದರು. ತಲೆಮಾರಿನಿಂದ ತಲೆಮಾರಿಗೆ ದಿಬ್ಬ ಬೆಳೆಯುತ್ತ ಗುಡ್ಡವಾಗುತ್ತಿತ್ತು. ಊರೂ ಅದೇ, ಮಸಣವೂ ಅದೇ, ಗುಡಿಯೂ ಅದೇ. ಬರ್ಕ್ಲಿಯ ದಿಬ್ಬಕ್ಕೆ ಐದು ಸಾವಿರ ವರ್ಷದ ಆಸುಪಾಸಿನ ವಯಸ್ಸು ಹೇಳುತ್ತಾರೆ. 1909ರಲ್ಲಿ ನೆಲ್ಸನ್ ಎಂಬ ಪುರಾತತ್ವಜ್ಞ ಕೊಲ್ಲಿಯ ಸುತ್ತ ಇಂಥ 400ಕ್ಕೂ ಹೆಚ್ಚು ದಿಬ್ಬಗಳನ್ನು ನಕ್ಷೆಯಲ್ಲಿ ಗುರುತಿಸಿದ. ಅವುಗಳ ಚಿಪ್ಪನ್ನು ಅಗೆದು ಗೊಬ್ಬರಕ್ಕೆ, ಕೋಳಿಗಳ ಮೇವಿಗೆ, ರಸ್ತೆಗೆ ಹಾಸಲು ಸಾಗಿಸಿದರು. ಚಿಪ್ಪಿನ ಜೊತೆ ಮೂಳೆಗಳೂ ಹೋದವು. ಪಕ್ಕದ ಎಮರಿವಿಲ್ ಊರಿನ ದೊಡ್ಡ ದಿಬ್ಬ ಇದ್ದ ಜಾಗದಲ್ಲಿ ಈಗ ಮಾಲ್ ಇದೆ, ಅದರ ಪಕ್ಕದ ರಸ್ತೆಗೆ ಶೆಲ್‌ಮೌಂಡ್ ಸ್ಟ್ರೀಟ್ ಎಂದು ಹೆಸರು.

ಬರ್ಕ್ಲಿಯ ಈ ಜಾಗದಲ್ಲೂ ಮನೆ, ಅಂಗಡಿಗಳ ದೊಡ್ಡ ಕಟ್ಟಡ ಎದ್ದೇಳುವುದರಲ್ಲಿತ್ತು. ನಗರಸಭೆ 2000ದಲ್ಲಿ ಇದನ್ನು ಚಾರಿತ್ರಿಕ ಸ್ಥಳವೆಂದು ಗುರುತಿಸಿತ್ತು, ಆದರೆ ಮೊಕದ್ದಮೆಯಲ್ಲಿ ತೀರ್ಪು ಕಟ್ಟುವವರ ಕಡೆ ಹೋಯಿತು. ಬಿಡದೆ ಹೋರಾಡಿದವರು ಕೊರಿನಾ ಗೌಲ್ಡ್, ಲಿಸ್ಜಾನ್ ಒಲೋನಿ ಜನರ ಮುಖ್ಯಸ್ಥೆ. ಅವರು ಮತ್ತು ಸಂಗಡಿಗರು ಕಟ್ಟಿದ ಸೊಗೊರೆಯಾ ತೆ ಎಂಬ ಭೂ ಟ್ರಸ್ಟನ್ನು ಹೆಂಗಸರೇ ನಡೆಸುತ್ತಾರೆ. ಆ ಟ್ರಸ್ಟ್ ಒಂದು ವಿಶಿಷ್ಟ ಕಂದಾಯ ಎತ್ತುತ್ತದೆ. ಒಲೋನಿ ನೆಲದಲ್ಲಿ ಮನೆ ಮಾಡಿಕೊಂಡಿರುವ ಹೊರಗಿನವರು ತಾವಾಗಿ, ಮನೆಯ ಅಳತೆ, ಬಾಡಿಗೆಗೆ ತಕ್ಕಂತೆ, ವರ್ಷಕ್ಕಿಷ್ಟು ಎಂದು ಕೊಡುತ್ತಾರೆ. ಶುಮಿ ಎಂದು ಅದರ ಹೆಸರು. ಚೊಚೆನ್ಯೊ ಭಾಷೆಯಲ್ಲಿ ಶುಮಿ ಎಂದರೆ ಕಾಣಿಕೆ. ಯಾವ ಕಾನೂನಿನ ಬಲವೂ ಅದಕ್ಕಿಲ್ಲ. 2024ರ ಮಾರ್ಚ್ 12ರಂದು ಬರ್ಕ್ಲಿ ನಗರಸಭೆ ಒಮ್ಮತದಿಂದ ಮತ ಹಾಕಿ, ಆ ಜಾಗವನ್ನು ಕೊಂಡು ಟ್ರಸ್ಟಿನ ಹೆಸರಿಗೆ ಬರೆದುಕೊಡಲು ತೀರ್ಮಾನಿಸಿತು. ಬೆಲೆ 2.7 ಕೋಟಿ ಡಾಲರ್. ನಗರಸಭೆ ಕೊಟ್ಟದ್ದು 15 ಲಕ್ಷ ಡಾಲರ್, ಉಳಿದ 2.55 ಕೋಟಿ ಟ್ರಸ್ಟಿನದು. ಡಾಂಬರು ಕಿತ್ತು, ನೆಲದಡಿಯ ಕೊಳವೆಗೆ ನೂಕಿದ ಹಳ್ಳವನ್ನು ಮತ್ತೆ ಬಿಸಿಲಿಗೆ ತಂದು, ಹೂಗಿಡಗಳ ಒಂದು ದಿಬ್ಬ ಮತ್ತೆ ಎಬ್ಬಿಸಬೇಕೆಂಬುದು ಅವರ ಆಸೆ.

1992ರ ರಜೆ, 2024ರ ನೆಲ. ನಡುವೆ 32 ವರ್ಷ. ಮೊದಲನೆಯದರಿಂದಲೇ ಎರಡನೆಯದು ಬಂತು ಎಂದು ನಾನು ಹೇಳುವುದಿಲ್ಲ. ನೆಲ ಬಂದದ್ದು ಕೊರಿನಾ ಗೌಲ್ಡ್ ಅಂಥವರು ವರ್ಷಗಟ್ಟಲೆ ಆ ಬೇಲಿಯ ಮುಂದೆ ನಿಂತದ್ದರಿಂದ, ಕೋರ್ಟಿನ ಮೆಟ್ಟಿಲು ಹತ್ತಿ ಇಳಿದದ್ದರಿಂದ, ಕಾಣಿಕೆ ಕೊಟ್ಟ ಕೈಗಳಿಂದ. ಆದರೂ ಪ್ರತಿ ಅಕ್ಟೋಬರ್‌ನಲ್ಲಿ ಈ ಜನರ ಹೆಸರಲ್ಲಿ ಕಚೇರಿ ಮುಚ್ಚುವ ನಗರಸಭೆಗೆ, ಅವರೇ ಬಂದು ನಮ್ಮ ಹಿರಿಯರ ಮಸಣ ಕೊಡಿ ಎಂದಾಗ ಯಾರು ನೀವು ಎಂದು ಕೇಳುವ ಬಾಯಿ ಇರುವುದಿಲ್ಲ. ಸಾಲ ಇದೆ ಎಂದು ಪತ್ರ ಬರೆದುಕೊಟ್ಟ ಹಾಗೆ ಅದು. ಪತ್ರ ಕೈಗೆ ಬಂದರೆ ಸಾಲ ತೀರಿದಂತಲ್ಲ; ಆದರೆ ಪತ್ರ ಇದ್ದವರು ಬಾಗಿಲಿಗೆ ಬಂದು ಕೇಳಬಹುದು. ರಜೆಗೆ ಅಷ್ಟು ಬೆಲೆ ಇದೆ ಎಂಬುದು ನನ್ನ ಅಭಿಪ್ರಾಯ.

ತೀರದ ಸಾಲ ಬರ್ಕ್ಲಿಯಲ್ಲೇ ಇನ್ನೂ ಬೆಟ್ಟದಷ್ಟಿದೆ. ದಿಬ್ಬಗಳಿಂದ, ಮಸಣಗಳಿಂದ ಅಗೆದು ತಂದ ಮೂಲನಿವಾಸಿಗಳ ಅಸ್ಥಿಗಳನ್ನು ವಿಶ್ವವಿದ್ಯಾಲಯ ತನ್ನ ಸಂಗ್ರಹದಲ್ಲಿ ಇಟ್ಟುಕೊಂಡಿತ್ತು. ಅವನ್ನು ವಾರಸುದಾರರಿಗೆ ಹಿಂದಿರುಗಿಸಬೇಕೆಂಬ ಕಾನೂನು ಬಂದದ್ದು 1990ರಲ್ಲಿ. 2023ರಲ್ಲೂ ಸುಮಾರು 9,000 ಜನರ ಅಸ್ಥಿಗಳು ಅಲ್ಲೇ ಇದ್ದವು ಎಂದು ಪತ್ರಿಕೆಗಳು ಬರೆದವು. 2021ರಲ್ಲಿ ಮಾನವಶಾಸ್ತ್ರದ ಕಟ್ಟಡದಿಂದ ಕ್ರೋಬರ್ ಹೆಸರನ್ನು ತೆಗೆದರು. ಹೆಸರು ತೆಗೆಯಲು ಒಂದು ಬೆಳಗು ಸಾಕಾಯಿತು, ಪೆಟ್ಟಿಗೆಗಳನ್ನು ತೆರೆದು ಒಬ್ಬೊಬ್ಬರನ್ನೂ ಅವರವರ ಮಣ್ಣಿಗೆ ಸೇರಿಸುವ ಕೆಲಸ ವರ್ಷಗಳದು. ಸತ್ತವರಿಗೆ ಮಣ್ಣು ಕೊಡುವುದನ್ನು ದೊಡ್ಡ ಪುಣ್ಯವೆಂದು ನಂಬಿದ ನಾಡಿನವರು ನಾವು. ಅಜ್ಜಿಯ ಮೂಳೆಗೆ ನಂಬರು ಬರೆದು ಕಪಾಟಿನಲ್ಲಿಟ್ಟರೆ ಮನೆಯವರ ಕರುಳು ಏನಾದೀತು ಎಂಬುದನ್ನು ನಮಗೆ ಯಾರೂ ವಿವರಿಸಬೇಕಿಲ್ಲ.

ಇದು ಅವರವರ ದೇಶದ ವಿಷಯ, ನಮಗೇಕೆ ಎಂದು ಒಬ್ಬ ಓದುಗರು ಬರೆದಿದ್ದರು. ಅವರಿಗೆ ಒಂದು ಮಾತು. 2025ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ದೀಪಾವಳಿಯನ್ನು ರಾಜ್ಯದ ರಜೆಗಳ ಪಟ್ಟಿಗೆ ಸೇರಿಸುವ ಕಾನೂನು ಮಾಡಿತು. ಆ ಸುದ್ದಿ ಬಂದ ದಿನ ನನ್ನ ಮಗಳು ಫೋನ್ ಮಾಡಿ, "ಅಮ್ಮ, ಇನ್ನು ದೀಪಾವಳಿಗೆ ಯಾಕೆ ರಜೆ ಅಂತ ಮ್ಯಾನೇಜರಿಗೆ ವಿವರಿಸೋ ಕಷ್ಟ ಇಲ್ಲ" ಎಂದಳು. ಅವಳ ದನಿಯಲ್ಲಿದ್ದ ಹಿಗ್ಗು ಒಂದು ದಿನದ ಬಿಡುವಿಗಾಗಿ ಬಂದದ್ದಲ್ಲ. ಊರಿನ ಕ್ಯಾಲೆಂಡರಿನಲ್ಲಿ ತನ್ನದೊಂದು ದಿನ ಸೇರಿತು ಎಂಬುದಕ್ಕೆ ಬಂದದ್ದು. ಮೊನ್ನೆ ಮೊನ್ನೆ ಹೋದ ನಮಗೇ ಹಾಗನ್ನಿಸಿದರೆ, ಐದು ಸಾವಿರ ವರ್ಷದಿಂದ ಅಲ್ಲಿರುವವರಿಗೆ ಹೇಗನ್ನಿಸಬೇಡ? ಅಲ್ಲಿ ನೆಲೆಸಿರುವ ಕನ್ನಡದ ಮಕ್ಕಳು ದೀಪ ಹಚ್ಚುವುದು ಒಲೋನಿ ನೆಲದ ಮೇಲೆ. ಮನೆಗೆ ಬಾಡಿಗೆಗೆ ಹೋದರೂ ಮನೆಯ ಯಜಮಾನರ ಹೆಸರು ಕೇಳಿ ತಿಳಿದುಕೊಳ್ಳುತ್ತೇವೆ.

ಫ್ರೀಮಾಂಟ್‌ನಲ್ಲಿ ನಮ್ಮವರು ಸಾವಿರಗಟ್ಟಲೆ ಇದ್ದಾರೆ. ಅಲ್ಲಿನ ಒಲೋನಿ ಕಾಲೇಜಿನ ಬೋರ್ಡನ್ನು ದಿನವೂ ದಾಟಿ ಕೆಲಸಕ್ಕೆ ಹೋಗುತ್ತಾರೆ. ಅದು ಯಾರ ಹೆಸರು ಎಂದು ನನ್ನ ಅಳಿಯನಿಗೂ ಗೊತ್ತಿರಲಿಲ್ಲ. ಬರ್ಕ್ಲಿಯಿಂದ ವಾಪಸು ಬಂದ ಮೇಲೆ ನಾವೆಲ್ಲ ಹಳೆಯ ಮಿಷನ್‌ನಿಂದ ಸ್ವಲ್ಪ ದೂರ, ವಾಷಿಂಗ್ಟನ್ ಬುಲೆವಾರ್ಡ್ ರಸ್ತೆಯ ಬದಿಯ ಒಲೋನಿ ಮಸಣಕ್ಕೆ ಹೋದೆವು. ಗೋರಿಗಳ ಸಾಲಿಲ್ಲ. ಒಣ ಹುಲ್ಲು, ಕೆಲವು ಮರ, ಒಂದು ಕಲ್ಲು. ಮಿಷನ್ ಕಟ್ಟಲು ದುಡಿದ 4,000 ಒಲೋನಿ ಜನ ಇಲ್ಲಿ ಮಲಗಿದ್ದಾರೆ ಎಂದು ಅದರ ಮೇಲೆ ಕೆತ್ತಿದೆ. ಆ ಕಡೆ ಮಕ್ಕಳಿರುವ ಹಿರಿಯರು ಮುಂದಿನ ಸಲ ಹೋದಾಗ ಮೊಮ್ಮಕ್ಕಳ ಕೈಹಿಡಿದು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಅರ್ಧ ಗಂಟೆ ಸಾಕು.